ಡೆಂಗಿ: ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಶಿಶುವಿಗೆ

ಹೆರಿಗೆಯ ಆಸುಪಾಸಿನ ದಿನಗಳಲ್ಲಿ ಡೆಂಗಿ ಜ್ವರ ಬಂದ ತಾಯಿಯಿಂದ ವೈರಸ್ ಮಾಸುವಿನ ಮೂಲಕ ಮಗುವಿನ ರಕ್ತಕ್ಕೆ ಸೇರಬಹುದು. ಈಡಿಸ್ ಸೊಳ್ಳೆ ಮಗುವನ್ನು ಕಚ್ಚಿರಬೇಕೆಂದೇನೂ ಇಲ್ಲ. ಜ್ವರಕ್ಕೂ ಹೆರಿಗೆಗೂ ಅಂತರ ಕಡಿಮೆಯಾದಷ್ಟೂ ಅಪಾಯ ಹೆಚ್ಚು: ತಾಯಿಯ ದೇಹ ಪ್ರತಿಕಾಯಗಳನ್ನು ತಯಾರಿಸಿ ಮಗುವಿಗೆ ದಾಟಿಸುವಷ್ಟು ಸಮಯ ಸಿಗುವುದಿಲ್ಲ. ಫ್ರೆಂಚ್ ಗಯಾನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐದರಲ್ಲೊಂದು ಪ್ರಕರಣದಲ್ಲಿ ಸೋಂಕು ಶಿಶುವಿಗೆ ದಾಟಿತ್ತು.

ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣಬಹುದು. ಮೋಸ ಹೋಗುವುದು ಇಲ್ಲೇ. ಸಾಮಾನ್ಯವಾಗಿ ಮೊದಲ ವಾರದಲ್ಲಿ ಜ್ವರ ಏರುತ್ತದೆ, ಮಗು ಹಾಲು ಕುಡಿಯಲು ಒಲ್ಲೆನ್ನುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಹೊಟ್ಟೆ, ಕೈಕಾಲುಗಳ ಮೇಲೆ ಒತ್ತಿದರೂ ಮಾಯವಾಗದ ಸಣ್ಣ ಕೆಂಪು ಚುಕ್ಕೆಗಳು ಮೂಡುತ್ತವೆ. ಪರೀಕ್ಷೆಗೆಂದು ಚುಚ್ಚಿದ ಹಿಮ್ಮಡಿಯಿಂದ ರಕ್ತ ಜಿನುಗುತ್ತಲೇ ಇರಬಹುದು. ಇವೆಲ್ಲ ಬ್ಯಾಕ್ಟೀರಿಯಾದ ನಂಜನ್ನೇ ಹೋಲುವುದರಿಂದ, ಬಾಣಂತಿಗೆ ಜ್ವರವಿತ್ತೇ ಎಂದು ಕೇಳುವುದು ಯಾವ ಯಂತ್ರಕ್ಕಿಂತಲೂ ಮುಖ್ಯ.

ಎನ್‌ಎಸ್‌1 ಅಥವಾ ಆರ್‌ಟಿ-ಪಿಸಿಆರ್ ಪರೀಕ್ಷೆ ಸೋಂಕನ್ನು ಖಚಿತಪಡಿಸುತ್ತದೆ. ಐಜಿಜಿ ಪ್ರತಿಕಾಯ ತಾಯಿಯಿಂದಲೇ ಬಂದಿರಬಹುದಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ನಿರ್ದಿಷ್ಟ ವೈರಸ್ ನಿರೋಧಕ ಔಷಧವಿಲ್ಲ. ದ್ರವದ ಪ್ರಮಾಣವನ್ನು ಎಚ್ಚರದಿಂದ ನಿಭಾಯಿಸಿ, ರಕ್ತಸ್ರಾವವಿದ್ದರೆ ಪ್ಲೇಟ್‌ಲೆಟ್ ಕೊಟ್ಟು ನೋಡಿಕೊಂಡರೆ ಬಹುಪಾಲು ಶಿಶುಗಳು ಚೇತರಿಸಿಕೊಳ್ಳುತ್ತವೆ. ತಾಯಿಗೂ ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವದ ಭಯವಿರುವುದರಿಂದ, ಸಾಧ್ಯವಿದ್ದಲ್ಲಿ ಜ್ವರದ ತೀವ್ರ ಹಂತ ಕಳೆಯುವವರೆಗೆ ಹೆರಿಗೆಯನ್ನು ಮುಂದೂಡುತ್ತಾರೆ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ಎದೆಹಾಲಿನಲ್ಲಿ ವೈರಸ್ ಕಂಡುಬಂದದ್ದುಂಟು, ಆದರೂ ಅದಕ್ಕಾಗಿ ಹಾಲೂಡಿಸುವುದನ್ನು ನಿಲ್ಲಿಸಲು ಸಾಮಾನ್ಯವಾಗಿ ಹೇಳುವುದಿಲ್ಲ.