ಶಾಖದಿಂದ ವಿದ್ಯುತ್ತು: ಎರಡು ಶತಮಾನಗಳ ಹುಡುಕಾಟ



ನಾವು ಕಾರಿಗೆ ತುಂಬಿಸುವ ಪೆಟ್ರೋಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಚಕ್ರವನ್ನು ತಲುಪದೆ, ಶಾಖವಾಗಿ ಗಾಳಿಗೆ ಸೇರಿಹೋಗುತ್ತದೆ. ಶಾಖವನ್ನು ನೇರವಾಗಿ ವಿದ್ಯುತ್ತಾಗಿಸಬಹುದೆಂಬ ಅರಿವಿಗೆ ಇನ್ನೂರು ವರ್ಷ ತುಂಬಿದೆ. ಹಾಗಿದ್ದರೂ ಅದು ನಮ್ಮ ಬಳಕೆಗೆ ಏಕೆ ಒದಗಿಬರಲಿಲ್ಲ? ಈ ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇನೆ.

1821ರಲ್ಲಿ ಬರ್ಲಿನ್ನಿನಲ್ಲಿ ಥಾಮಸ್ ಸೀಬೆಕ್ ಎಂಬ ವಿಜ್ಞಾನಿ ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಬೆಸೆದು ಒಂದು ಬೆಸುಗೆಯನ್ನು ಕಾಯಿಸಿದನು. ಬಳಿಯಲ್ಲಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು. ಶಾಖವೇ ಕಾಂತತ್ವವನ್ನು ಹುಟ್ಟಿಸಿತೆಂದು ಆತ ಭಾವಿಸಿದನು. ಅಲ್ಲಿ ಹರಿದದ್ದು ವಿದ್ಯುತ್ತೆಂದು ಗುರುತಿಸಿ 'ಉಷ್ಣವಿದ್ಯುತ್' ಎಂಬ ಹೆಸರಿತ್ತವನು ಡೆನ್ಮಾರ್ಕಿನ ಅರ್ಸ್ಟೆಡ್. ಆದರೂ ಈ ಪರಿಣಾಮ ಇಂದಿಗೂ ಸೀಬೆಕ್‌ನ ಹೆಸರಿನಲ್ಲೇ ಇದೆ.

ನಿಜವಾದ ತೊಡಕನ್ನು 20ನೆಯ ಶತಮಾನದ ಮೊದಲಲ್ಲಿ ಜರ್ಮನಿಯ ಆಲ್ಟೆನ್‌ಕಿರ್ಶ್ ಸ್ಪಷ್ಟಪಡಿಸಿದನು. ತಕ್ಕ ಪದಾರ್ಥವು ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡಬೇಕು, ಶಾಖವನ್ನು ಮಾತ್ರ ತಡೆಯಬೇಕು. ಇಲ್ಲವಾದರೆ ತಣ್ಣನೆಯ ತುದಿಯೂ ಬಿಸಿಯಾಗಿ ಪ್ರವಾಹ ನಿಲ್ಲುತ್ತದೆ. ಲೋಹಗಳಲ್ಲಿಯಾದರೋ ಎರಡನ್ನೂ ಹೊತ್ತೊಯ್ಯುವವು ಅದೇ ಎಲೆಕ್ಟ್ರಾನುಗಳು.

ಸೋವಿಯತ್ ಒಕ್ಕೂಟದ ಅಬ್ರಾಮ್ ಇಯೋಫೆ ಲೋಹಗಳನ್ನು ಬಿಟ್ಟು ಅರೆವಾಹಕಗಳತ್ತ ತಿರುಗಿದನು. ಅದರ ಫಲವಾಗಿ, ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಸೀಮೆಎಣ್ಣೆ ದೀಪದ ಬಿಸಿಯಿಂದಲೇ ರೇಡಿಯೋ ನುಡಿಯಿತು. 1977ರಲ್ಲಿ ಉಡಾವಣೆಗೊಂಡ ವಾಯೇಜರ್ ನೌಕೆಗಳು ಪ್ಲುಟೋನಿಯಂನ ಶಾಖವನ್ನು ಇದೇ ಬಗೆಯಲ್ಲಿ ವಿದ್ಯುತ್ತಾಗಿಸಿ, ನಾಲ್ಕು ದಶಕಗಳಿಗೂ ಮೀರಿ ಭೂಮಿಗೆ ಸಂದೇಶ ಕಳುಹಿಸಿದವು. ಆದರೆ ದಕ್ಷತೆ ಕಡಮೆಯಾದ್ದರಿಂದ ಬಳಕೆ ಇಂಥ ವಿಶೇಷ ಸಂದರ್ಭಗಳಿಗೇ ಸೀಮಿತವಾಯಿತು.

1993ರಲ್ಲಿ ಅಮೆರಿಕದ ಎಂ.ಐ.ಟಿ.ಯ ಹಿಕ್ಸ್ ಮತ್ತು ಮಿಲ್ಡ್ರೆಡ್ ಡ್ರೆಸೆಲ್‌ಹೌಸ್ ಹೊಸ ದಾರಿ ತೋರಿದರು: ಪದಾರ್ಥವನ್ನು ನ್ಯಾನೋಮೀಟರ್ ಅಳತೆಗೆ ಇಳಿಸಿದರೆ ಅದರ ಗುಣವೇ ಬದಲಾಗುವುದು. ಅರೆವಾಹಕಗಳಲ್ಲಿ ಶಾಖದ ಬಹುಪಾಲು ಅಣುಗಳ ಕಂಪನವಾಗಿ ಸಾಗುತ್ತದೆ. ಅತಿಸೂಕ್ಷ್ಮ ಕಣಗಳ ಅಂಚುಗಳು ಈ ಕಂಪನವನ್ನು ಚದುರಿಸುತ್ತವೆ. ಎಲೆಕ್ಟ್ರಾನುಗಳು ಬಹುಮಟ್ಟಿಗೆ ಪಾರಾಗುತ್ತವೆ. ಜರಡಿಯಲ್ಲಿ ಹಿಟ್ಟು ಇಳಿದು ತೌಡು ಉಳಿಯುವಂತೆ ಎಂದರೆ ತಪ್ಪಾಗಲಾರದು.

ಈ ಹಾದಿಯಲ್ಲಿ ನಮ್ಮ ಬೆಂಗಳೂರಿನ ಹೆಜ್ಜೆಯೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಮತ್ತು ಸಂಗಡಿಗರು ಬೆಳ್ಳಿ, ಆಂಟಿಮನಿ, ಟೆಲ್ಲೂರಿಯಂಗಳ ಸಂಯುಕ್ತಕ್ಕೆ ಕ್ಯಾಡ್ಮಿಯಂ ಬೆರೆಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ 2.6ರ ಗುಣಾಂಕ ಪಡೆದುದಾಗಿ 2021ರಲ್ಲಿ ಪ್ರಕಟಿಸಿದರು. ದಶಕಗಳ ಕಾಲ ಈ ಅಂಕ 1ರ ಆಸುಪಾಸಿನಲ್ಲೇ ನಿಂತಿತ್ತು.

ಟೆಲ್ಲೂರಿಯಂ ವಿರಳ, ಪ್ರಯೋಗಶಾಲೆಯ ಯಶಸ್ಸು ಕಾರ್ಖಾನೆಯನ್ನು ಮುಟ್ಟಲು ಇನ್ನೂ ದೂರವಿದೆ. ಆದರೆ ಸೀಬೆಕ್ ಕಾಲದಿಂದ ಕೂಡಿಕೊಂಡೇ ಬಂದ ಶಾಖ ಮತ್ತು ವಿದ್ಯುತ್ತಿನ ಹಾದಿಗಳನ್ನು ಬೇರ್ಪಡಿಸಬಹುದೆಂಬುದು ಈಗ ಖಚಿತವಾಗಿದೆ.