ಕಲ್ಲಿನ ಕಟ್ಟೆ, ಕಬ್ಬಿಣದ ಕದ

ಹೊಸಪೇಟೆಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ನಿಂತ ಅಣೆಕಟ್ಟನ್ನು ನೋಡಿ ಬಂದವರು ಬಹುಮಟ್ಟಿಗೆ ಅದರ ಕಲ್ಲನ್ನು ಕುರಿತೇ ಮಾತನಾಡುತ್ತಾರೆ. ಅದು ಸಹಜವೂ ಹೌದು. ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಕಲ್ಲುಕಟ್ಟಡ. ಅದನ್ನು ಬೆಸೆದಿರುವುದು ಮುಖ್ಯವಾಗಿ ಸುಣ್ಣ ಮತ್ತು ಸುರ್ಕಿ, ಎಂದರೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡಿದ ಗಾರೆ. ದೇಶದಲ್ಲಿ ಹೀಗೆ ಸಿಮೆಂಟನ್ನು ನೆಚ್ಚದೆ ಕಟ್ಟಿದ ಅಣೆಕಟ್ಟುಗಳು ಎರಡೇ, ಇದೊಂದು ಮತ್ತು ಮುಲ್ಲಪೆರಿಯಾರ್ ಇನ್ನೊಂದು ಎಂದು ಆಗಾಗ್ಗೆ ಬರೆಯುವುದುಂಟು. ಅದು ಸರಿಯಲ್ಲ. ನಮ್ಮ ಕನ್ನಂಬಾಡಿಯ ಕಟ್ಟೆಯೂ ಸುರ್ಕಿ ಗಾರೆಯದೇ. ಈ ಗಾರೆ ನಿಧಾನವಾಗಿ ಗಟ್ಟಿಗೊಳ್ಳುವಂಥದು. ದಶಕಗಳ ಕಾಲ ಬಲಿಯುತ್ತ ಹೋಗುವಂಥದು. ಆದ್ದರಿಂದ ಕಟ್ಟೆಗೆ ವಯಸ್ಸಾಯಿತೆಂದ ಮಾತ್ರಕ್ಕೆ ಕಲ್ಲು ಕುಸಿಯುವುದೆಂದು ಭಯಪಡಬೇಕಾಗಿಲ್ಲ. ಒಸರುವ ನೀರು ಸುಣ್ಣವನ್ನು ಕರಗಿಸಿಕೊಂಡು ಹೋಗದಂತೆ ನೋಡಿಕೊಂಡರೆ ಅದು ಬಹುಕಾಲ ನಿಲ್ಲುತ್ತದೆ.

ಆದರೆ ಆ ಕಟ್ಟೆಯಲ್ಲಿ ನೀರನ್ನು ತಡೆದಿರುವುದು ಕಲ್ಲೊಂದೇ ಅಲ್ಲ. ನದಿಯ ಪಾತ್ರದ ಮೇಲಿನ ಭಾಗದಲ್ಲಿ ಕಲ್ಲಿನ ಕಟ್ಟಡ 1613 ಅಡಿಯ ಮಟ್ಟಕ್ಕೆ ನಿಂತುಬಿಡುತ್ತದೆ. ಜಲಾಶಯ ತುಂಬಿದಾಗ ನೀರಿನ ಮಟ್ಟ 1633 ಅಡಿ. ನಡುವಿನ 20 ಅಡಿಯ ನೀರನ್ನು ಹಿಡಿದಿರುವುವು 33 ಕಬ್ಬಿಣದ ಕದಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಒಂದು ಕಡೆ ಕದ, ಇನ್ನೊಂದು ಕಡೆ ಅದಕ್ಕೆ ಸಮದೂಗುವ ಭಾರ, ಎರಡರ ನಡುವೆ ಸರಪಳಿ. 20 ಅಡಿ ಎಂದರೆ ಅಲ್ಪವೆಂದು ತೋರಬಹುದು. ಆದರೆ ಜಲಾಶಯ ಬಟ್ಟಲಿನಂಥದು, ಮೇಲೆ ಹೋದಂತೆಲ್ಲ ಅದರ ಹರಹು ಹೆಚ್ಚುತ್ತದೆ. ತುಂಬಿದಾಗ ಅದರಲ್ಲಿರುವ ಸುಮಾರು 105 ಶತಕೋಟಿ ಘನ ಅಡಿ ನೀರಿನಲ್ಲಿ—ಟಿಎಂಸಿ ಎಂದು ನಾವೆಲ್ಲ ಹೇಳುವುದು ಇದನ್ನೇ—ಅರ್ಧಕ್ಕಿಂತ ಹೆಚ್ಚಿನ ಪಾಲು ಆ ಮೇಲಿನ 20 ಅಡಿಯಲ್ಲೇ ಇದೆ. ನಾವು ಕಲ್ಲನ್ನು ಹೊಗಳುತ್ತಿದ್ದ ಅಷ್ಟೂ ಕಾಲ, ಬೆಳೆಯ ಭಾರವನ್ನು ಹೊತ್ತಿದ್ದುದು ಈ ಕದಗಳು.

2024ರ ಆಗಸ್ಟ್ 10, ಶನಿವಾರ. ಜಲಾಶಯ ತುಂಬಿತ್ತು. ಆ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಕದವೇ ಕೊಚ್ಚಿಹೋಯಿತು. ಅದೊಂದೇ ಬಾಯಿಂದ ಸೆಕೆಂಡಿಗೆ ಸುಮಾರು 35 ಸಾವಿರ ಘನ ಅಡಿ ನೀರು ನುಗ್ಗಿತು. ಉಳಿದ ಕದಗಳ ಮೇಲಿನ ಒತ್ತಡ ತಗ್ಗಲೆಂದು ಅವನ್ನೂ ಎತ್ತಬೇಕಾಯಿತು. ಕದ ಕೆಟ್ಟಾಗ ಅದರ ಮುಂದೆ ಇಳಿಬಿಟ್ಟು ನೀರು ನಿಲ್ಲಿಸುವ ಅಡ್ಡಹಲಗೆಗಳ ಏರ್ಪಾಡು, ಎಂಜಿನಿಯರರು ಸ್ಟಾಪ್‌ಲಾಗ್ ಎನ್ನುವುದು, ಈ ಅಣೆಕಟ್ಟಿನ ಮೂಲ ವಿನ್ಯಾಸದಲ್ಲಿ ಇರಲಿಲ್ಲ. ನೀರು 1613 ಅಡಿಗೆ ಇಳಿದ ಮೇಲೆಯೇ ಅಲ್ಲಿ ಕೈಯಿಡಲು ಸಾಧ್ಯವೆಂದು ಮೊದಲು ತೋರಿತು. ಹಾಗೆಂದರೆ 60 ಟಿಎಂಸಿಗೂ ಮಿಕ್ಕ ನೀರನ್ನು ಕಣ್ಣೆದುರಿಗೇ ನದಿಗೆ ಬಿಡುವುದು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪಗಳ ಗದ್ದೆಗಳಲ್ಲಿ ಮೊದಲ ಬೆಳೆಯ ಭತ್ತ ನೀರನ್ನೇ ನಂಬಿ ನಿಂತಿದ್ದ ತಿಂಗಳು ಅದು. ಮತ್ತೆ ಮಳೆ ಬರದಿದ್ದರೆ?

ಗೇಟುಗಳ ಕೆಲಸದಲ್ಲಿ ಪಳಗಿದ್ದ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಲಾಯಿತು. ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಬಹುದೆಂದು ಅವರು ಧೈರ್ಯ ಕೊಟ್ಟರು. ಹಲಗೆಗಳು ಹಗಲಿರುಳೆನ್ನದೆ ತಯಾರಾದವು. ಮೊದಲನೆಯದು ಆಗಸ್ಟ್ 16ರಂದು ತನ್ನ ಜಾಗದಲ್ಲಿ ಕುಳಿತಿತು. ಮರುದಿನ ನೀರು ನಿಂತಿತು. ಅನಂತರ ಮಳೆಯೂ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿಕೊಂಡಿತು. ಒಂದು ವಾರದ ಈ ಕಥೆಯನ್ನು ಸಾಹಸವೆಂದು ನೆನೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಸಾಹಸದ ಅಗತ್ಯ ಏಕೆ ಬಿತ್ತು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಕೊಂಚ ಹಿಂದಕ್ಕೆ ಹೋಗಬೇಕು.

ಧಾತು ಸಂವತ್ಸರದ ಬರವೆಂದು ಹಿರಿಯರು ಹೇಳುತ್ತಿದ್ದ 1876–78ರ ಕ್ಷಾಮದಲ್ಲಿ ಬಳ್ಳಾರಿ ಸೀಮೆ ಪಟ್ಟ ಪಾಡು ಹೇಳತೀರದು. ಆ ಕ್ಷಾಮಕ್ಕೆ ಮುಂಚೆಯೇ, 1860ರಲ್ಲಿ, ಸರ್ ಆರ್ಥರ್ ಕಾಟನ್ ತುಂಗಭದ್ರೆಯ ನೀರನ್ನು ಈ ಒಣನೆಲಕ್ಕೆ ತಿರುಗಿಸುವ ಯೋಚನೆಯನ್ನು ಮುಂದಿಟ್ಟಿದ್ದ. ಅದು ಕೆಲಸಕ್ಕೆ ಬರಲು 85 ವರ್ಷ ಹಿಡಿಯಿತು. ಬಲದಂಡೆ ಮದರಾಸಿನದು, ಎಡದಂಡೆ ನಿಜಾಮರದು. ಒಪ್ಪಂದವಾಗದೆ ಕಲ್ಲು ಕದಲುವಂತಿರಲಿಲ್ಲ. 1944ರಲ್ಲಿ ಒಪ್ಪಂದವಾಯಿತು. 1945ರ ಫೆಬ್ರವರಿ 28ರಂದು ಎರಡು ದಂಡೆಗಳಲ್ಲೂ ಶಂಕುಸ್ಥಾಪನೆ ನಡೆಯಿತು. ಒಂದು ನದಿ, ಒಂದು ಕಟ್ಟೆ, ಎರಡು ಅಡಿಗಲ್ಲು. ಕಟ್ಟಡ ಮುಗಿಯುವ ಹೊತ್ತಿಗೆ ಹೈದರಾಬಾದು ಸಂಸ್ಥಾನವೂ ಉಳಿದಿರಲಿಲ್ಲ, ಬ್ರಿಟಿಷರೂ ಇರಲಿಲ್ಲ. 1953ರ ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ರಾಯಚೂರು ಸೀಮೆಯೂ ಬಂತು. ಈಗ ಎರಡು ದಂಡೆಗಳೂ ಕರ್ನಾಟಕದವೇ ಆದರೂ ನೀರಿನಲ್ಲಿ ಆಂಧ್ರಕ್ಕೂ ತೆಲಂಗಾಣಕ್ಕೂ ಪಾಲಿದೆ. ಆ ಕಾರಣದಿಂದಲೇ ಅಣೆಕಟ್ಟಿನ ಉಸ್ತುವಾರಿ ತುಂಗಭದ್ರಾ ಮಂಡಳಿಯದು.

ಇಲ್ಲಿ ನನಗೆ ಒಂದು ಶಾಸನ ನೆನಪಿಗೆ ಬರುತ್ತದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನು ಇಂದಿನ ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ದೊಡ್ಡದೊಂದು ಕೆರೆ ಕಟ್ಟಿಸಿ 1369ರಲ್ಲಿ ಶಾಸನ ಬರೆಸಿದ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ದಾನದ ಪುಣ್ಯವನ್ನು ಹೇಳಿ ಮುಗಿಸದೆ, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ನೀರು ಒಸರುವುದು ಒಂದು ದೋಷ. ಚೌಳು ನೆಲ ಇನ್ನೊಂದು. ಮೂರನೆಯದನ್ನು ಓದಿದಾಗ ತುಂಗಭದ್ರೆಯ ಚರಿತ್ರೆ ತಿಳಿದವರು ಒಂದು ಕ್ಷಣ ತಡೆದು ನಿಲ್ಲುತ್ತಾರೆ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು.

ಶಾಸನಕಾರನ ಮನಸ್ಸಿನಲ್ಲಿದ್ದದ್ದು ಬಹುಶಃ ಯುದ್ಧದ ಭಯ. ನಮ್ಮ ಕಾಲದಲ್ಲಿ ಆ ದೋಷಕ್ಕೆ ಬೇರೊಂದು ಅರ್ಥ ಬಂದಿದೆಯೆಂದು ನನಗೆ ಅನ್ನಿಸುತ್ತದೆ. ನೀರಿನ ಪಾಲಿಗೆ ಮೂವರೂ ಎಚ್ಚರದಿಂದ ಲೆಕ್ಕವಿಡುತ್ತಾರೆ. ಪ್ರತಿ ಟಿಎಂಸಿಗೂ ವಾದವುಂಟು. ಸರಪಳಿಯ ಕೊಂಡಿಗೆ ಅಂಥ ವಾರಸುದಾರರಿಲ್ಲ. ಗ್ರೀಸು ಹಚ್ಚಿ ಬಣ್ಣ ಬಳಿದರೂ ಕೊಂಡಿಯ ಸಂದಿನಲ್ಲಿ ಸವೆದದ್ದು ಕಣ್ಣಿಗೆ ಬೀಳುವುದಿಲ್ಲ. ಇಂಥ ಗೇಟುಗಳ ಆಯಸ್ಸು ನಾಲ್ಕೈದು ದಶಕವೆಂದು ಹೇಳುತ್ತಾರೆ. ಇವು 70 ದಾಟಿದ್ದುವು. ಅಣೆಕಟ್ಟು ಸುರಕ್ಷತಾ ಕಾನೂನು ಬಂದದ್ದು 2021ರಲ್ಲಿ. ಕಾನೂನು ತಪಾಸಣೆಯನ್ನು ವಿಧಿಸಬಹುದು. ಹಳೆಯ ಕಬ್ಬಿಣವನ್ನು ಕಿತ್ತು ಹೊಸದನ್ನು ಹಾಕಲು ದುಡ್ಡು ಬೇಕು, ಬತ್ತಿದ ಜಲಾಶಯ ಬೇಕು, ಮತ್ತು ಮೂವರ ಒಮ್ಮತ ಬೇಕು.

ಹಳೆಯ ಕೆರೆಗಳ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆ ಹೆಸರೂ ಇತ್ತು, ಆದಾಯವೂ ಇತ್ತು. ಬಿತ್ತುವಟ್ಟ, ಕಟ್ಟುಕೊಡುಗೆ, ದಶವಂದ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಕೆರೆಯ ಕೆಳಗಿನ ಗದ್ದೆಯಲ್ಲೇ ಪಾಲು. ಹೂಳೆತ್ತುವ ಬಂಡಿಗೂ ದತ್ತಿ ಬಿಟ್ಟದ್ದುಂಟು. ಕೆರೆ ಒಡೆದರೆ ಮೊದಲು ಒಣಗುವುದು ಕಾಯುವವನ ಗದ್ದೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಮೇಲೆಂದು ದತ್ತಿಶಾಸನಗಳ ಕೊನೆಯ ಶ್ಲೋಕಗಳು ಸಾರುವುದು ಬರಿಯ ಅಲಂಕಾರವಲ್ಲ. ಆ ಕಾಲವೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಒಡೆದ ಕೆರೆಗಳ ಶಾಸನಗಳೂ ಬೇಕಾದಷ್ಟಿವೆ. ಹಂಪಿಯ ತುರ್ತು ಕಾಲುವೆ ಮಾತ್ರ ಇಂದಿಗೂ ಬಾಳೆತೋಟಗಳ ನಡುವೆ ಹರಿಯುತ್ತಿದೆ. ಅದರ ಸಂಗಾತಿಗಳಾದ ರಾಯ, ಬಸವಣ್ಣ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು.

ಹೂಳಿನ ಮಾತು ಬಂತು. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105 ಚಿಲ್ಲರೆಗೆ ಇಳಿದಿದೆ. ಸುಮಾರು 27 ಟಿಎಂಸಿಯ ಜಾಗದಲ್ಲಿ ಮಣ್ಣು ಕುಳಿತಿದೆ. ಹೂಳು ಕುಳಿತುಕೊಳ್ಳುವುದು ಬಹುಮಟ್ಟಿಗೆ ತಳದಿಂದ. ಆದ್ದರಿಂದ ಜಲಾಶಯ ಮುಪ್ಪಾದಷ್ಟೂ ಉಳಿದ ನೀರಿನಲ್ಲಿ ಕದಗಳ ಪಾಲು ಹೆಚ್ಚುತ್ತದೆ. ಕಬ್ಬಿಣ ಸವೆಯುತ್ತ ಬಂದ ಕಾಲದಲ್ಲೇ ಅದರ ಮೇಲಿನ ಹೊಣೆಯೂ ಬೆಳೆಯುತ್ತ ಬಂತು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆ. ಈ ಅಣೆಕಟ್ಟಿನ ಮಗ್ಗುಲಲ್ಲೇ, ಅದರ ಕೆಲಸದ ಕಾರ್ಯಾಗಾರದಿಂದ ಬೆಳೆದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಾರ್ಖಾನೆ ಇತ್ತು. ದೇಶದ ಅನೇಕ ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ಸಂಸ್ಥೆ. ನಷ್ಟದಲ್ಲಿದೆಯೆಂದು 2015ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಲೆಕ್ಕಪತ್ರದಲ್ಲಿ ಆ ತೀರ್ಮಾನ ಸರಿಯೇ ಇದ್ದೀತು. ಆದರೆ ಒಂಬತ್ತು ವರ್ಷಗಳ ಮೇಲೆ, ಕದ ಕಳಚಿದ ರಾತ್ರಿ, ಗೇಟು ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾದ ಊರಾಗಿತ್ತು ಹೊಸಪೇಟೆ.

ಘಟನೆಯ ನಂತರ ತಜ್ಞರು ನೋಡಿ 33 ಗೇಟುಗಳನ್ನೂ ಬದಲಿಸಬೇಕೆಂದರು. 2025ರ ಮಳೆಗಾಲದಲ್ಲಿ, ನದಿ ತುಂಬಿ ಹರಿಯುತ್ತಿದ್ದರೂ, ಮುಪ್ಪಾದ ಕದಗಳ ಮೇಲೆ ಭಾರ ಹಾಕದೆ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಿದರು. ಆ ವರ್ಷದ ಕೊನೆಗೆ ಹಳೆಯ ಕದಗಳನ್ನು ಇಳಿಸುವ ಕೆಲಸ ಆರಂಭವಾಯಿತು. ಅದು ನಡೆಯಬೇಕಾದರೆ ನೀರು ತಗ್ಗಿರಬೇಕು. ತಗ್ಗಿದ್ದರೆ ಬೇಸಗೆಯ ಬೆಳೆಗೆ ಕಾಲುವೆಯಿಲ್ಲ. ಸಸಿಮಡಿ ಹಾಕುವ ಕಾಲದಲ್ಲಿ ರೈತರು ಗದ್ದೆಯನ್ನು ಬೀಳು ಬಿಟ್ಟರು. 70 ವರ್ಷ ಮುಂದೂಡುತ್ತ ಬಂದ ರಿಪೇರಿಯ ಬಾಬ್ತು ಒಂದು ಇಡೀ ಬೆಳೆಯಾಗಿ ಅವರ ಪಾಲಿಗೆ ಬಂದಿತ್ತು.