ಲಸಿಕೆಯ ಶಾಸನದಲ್ಲಿ ಸಮ್ಮತಿಯ ಪ್ರಶ್ನೆ: ಕೊಡಗು ಮತ್ತು ಕರಾವಳಿ

ವಸಾಹತು ಕಾಲದ ಲಸಿಕೆ ಶಾಸನಗಳನ್ನು ಬರಿಯ ಬಲಾತ್ಕಾರದ ದಾಖಲೆಗಳೆಂದು ಓದುವ ರೂಢಿ ಬಲವಾಗಿದೆ. ಮೂಲಪಾಠವನ್ನು ಪರಿಶೀಲಿಸಿದರೆ ಈ ಅಭಿಪ್ರಾಯ ಪೂರ್ತಿಯಾಗಿ ನಿಲ್ಲುವುದಿಲ್ಲ.

ಸಿಡುಬಿನ ನಿವಾರಣೆಗಾಗಿ ಬಂದ 1880ರ ಲಸಿಕೆ ಅಧಿನಿಯಮವು ಕನ್ನಡ ಪ್ರದೇಶಗಳ ಪೈಕಿ ಚೀಫ್ ಕಮಿಷನರರ ಆಡಳಿತದಲ್ಲಿದ್ದ ಕೊಡಗನ್ನು ತನ್ನ ವ್ಯಾಪ್ತಿಯಲ್ಲಿ ಹೆಸರಿಸಿತ್ತು. ಅಲ್ಲಿಯೂ ಅದು ತಾನಾಗಿ ಜಾರಿಗೆ ಬರುವಂತಿರಲಿಲ್ಲ. ಪುರಸಭೆಯು ವಿಶೇಷ ಸಭೆಯಲ್ಲಿ ಒಪ್ಪಬೇಕಿತ್ತು. ನಿವಾಸಿಗಳು ಆರು ವಾರಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದಿತ್ತು. ಜಾರಿಯಾದ ಬಳಿಕ ಆರು ತಿಂಗಳು ತುಂಬಿದ ಮಗುವಿಗೆ ಲಸಿಕೆ ಕಡ್ಡಾಯ. ಮಗುವೆಂದರೆ 14 ವರ್ಷದೊಳಗಿನ ಹುಡುಗ, 8 ವರ್ಷದೊಳಗಿನ ಹುಡುಗಿ. ಈ ಅಂತರದ ಹಿಂದೆ ಬಾಲ್ಯವಿವಾಹ ರೂಢಿಯಲ್ಲಿದ್ದ ಸಮಾಜವನ್ನು ಕೆಣಕಲು ಸರಕಾರಕ್ಕಿದ್ದ ಅಳುಕು ಇರಬೇಕೆಂದು ನನ್ನ ಊಹೆ.

ಇದಕ್ಕಿಂತ ಗಮನಾರ್ಹವಾದುದು ಲಸಿಕಾದ್ರವ್ಯದ ಆಯ್ಕೆ. ಅಂದು ಈ ದ್ರವ್ಯವನ್ನು ಲಸಿಕೆ ಹಾಕಿಸಿಕೊಂಡ ಮತ್ತೊಂದು ಮಗುವಿನ ತೋಳಿನ ಬೊಕ್ಕೆಯಿಂದ ಇಲ್ಲವೆ ಕರುವಿನ ಮೈಯಿಂದ ತೆಗೆಯುತ್ತಿದ್ದರು. ಮೊದಲನೆಯದಕ್ಕೆ ಜಾತಿಯ ಅಡ್ಡಿ, ಎರಡನೆಯದಕ್ಕೆ ಗೋವಿನ ಮೇಲಣ ಶ್ರದ್ಧೆಯ ಅಡ್ಡಿ. ನಿಯಮವು ಪ್ರಾಣಿದ್ರವ್ಯವನ್ನು ಗೊತ್ತುಪಡಿಸಿದ್ದರೂ ತಂದೆತಾಯಿ ಮಾನವದ್ರವ್ಯವನ್ನು ಕೇಳಿ ಪಡೆಯಬಹುದಿತ್ತು. ಮಾನವದ್ರವ್ಯ ಗೊತ್ತುಪಡಿಸಿದ್ದಲ್ಲಿ, ಪ್ರಾಣಿದ್ರವ್ಯ ದೊರೆಯುವಂತಿದ್ದರೆ, ಒಂದು ರೂಪಾಯಿ ಮೀರದ ಶುಲ್ಕ ತೆತ್ತು ಅದನ್ನು ಹಾಕಿಸಬಹುದಿತ್ತು. ಕೂಲಿಯವನಿಗೆ ಆ ರೂಪಾಯಿ ಹಗುರವಾಗಿರಲಿಲ್ಲ. ಲಸಿಕೆಯೇ ಬೇಡವೆನ್ನುವ ಹಕ್ಕಂತೂ ಯಾರಿಗೂ ಇರಲಿಲ್ಲ. ಇಂಗ್ಲೆಂಡು 1898ರಲ್ಲಿ ತನ್ನ ಪ್ರಜೆಗಳಿಗೆ ಅಂತಃಸಾಕ್ಷಿಯ ವಿನಾಯಿತಿಯನ್ನು ನೀಡಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಕರಾವಳಿಯ ಚರಿತ್ರೆ ಬೇರೆ. ಉಡುಪಿ, ಕಾರ್ಕಳ, ಕಾಪು ಸೀಮೆಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. 1939ರ ಮದರಾಸು ಸಾರ್ವಜನಿಕ ಆರೋಗ್ಯ ಅಧಿನಿಯಮ ಆ ಕಾಲದ ಮುಖ್ಯ ಶಾಸನ. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಈ ಸೀಮೆಯಲ್ಲಿ ಖಾಸಗಿ ವೈದ್ಯಸಂಸ್ಥೆ ಬೃಹತ್ತಾಗಿ ಬೆಳೆಯಿತು. ಸರಕಾರದೆದುರು ಪ್ರಜೆಯ ಪ್ರಶ್ನೆಯ ಜೊತೆಗೆ ಆಸ್ಪತ್ರೆಯೆದುರು ರೋಗಿಯ ಪ್ರಶ್ನೆಯೂ ಸೇರಿತು. ಇದಕ್ಕೆ ರಾಜ್ಯದ ಶಾಸನವು ತಡವಾಗಿ ಉತ್ತರಿಸಿತು: 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ 2017ರ ತಿದ್ದುಪಡಿಯು ರೋಗಿಗಳ ಸನ್ನದನ್ನು ಸೇರಿಸಿತು, ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯಬಾರದೆಂದೂ ವಿಧಿಸಿತು.

1880ರ ಅಧಿನಿಯಮ 2001ರಲ್ಲಿ ರದ್ದಾಯಿತು. ಅದು ಕೊಡದಿದ್ದ ಹಕ್ಕು ಕೋವಿಡ್ ಕಾಲದಲ್ಲಿ ನ್ಯಾಯಾಲಯದ ಮುಂದೆ ಬಂತು. ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ 2022ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 21ನೆಯ ಅನುಚ್ಛೇದದ ಆಧಾರದಿಂದ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ತೀರ್ಪಿತ್ತಿತು. ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಯುಕ್ತ ನಿರ್ಬಂಧಗಳನ್ನು ಹೇರುವ ಅಧಿಕಾರವನ್ನು ಸರಕಾರಕ್ಕೆ ಉಳಿಸಿತು.